ಕಂಪ್ಯೂಟರು ಜೋಡಣೆಯ ವ್ಯಾಪಾರದಲ್ಲಿ ಬಿರುದು ಮತ್ತು ಪರಿಣತಿ: ಒಂದು ವಿಮರ್ಶೆ

೧

ಒಂದು ವೃತ್ತಿಯ ಇತಿಹಾಸವನ್ನು ಬರೆಯಹೊರಟವನಿಗೆ ಆ ವೃತ್ತಿಯವರು ಧರಿಸಿದ ಬಿರುದುಗಳು ಮುಖ್ಯವಾದ ಆಧಾರಗಳಲ್ಲಿ ಒಂದು. ಆದರೆ ಈ ಆಧಾರವನ್ನು ಇದ್ದಂತೆಯೇ ಒಪ್ಪಿಕೊಳ್ಳಲಾಗದೆಂಬುದು ಶಾಸನಗಳನ್ನು ಓದಿ ಬಲ್ಲ ಎಲ್ಲರಿಗೂ ವಿದಿತವೇ ಆಗಿದೆ. ಬಿರುದನ್ನು ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕಾರ್ಯಕ್ಕಾಗಿ ಕೊಟ್ಟರು, ಕೊಟ್ಟವರಿಗೆ ಅದರಿಂದ ಆದ ಪ್ರಯೋಜನವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಬಿರುದು ಸಾಕ್ಷ್ಯವೆನಿಸುತ್ತದೆ. ಅದಕ್ಕೆ ಮೊದಲು ಅದು ಬರಿಯ ಹೊಗಳಿಕೆ. ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನೇ ನಮ್ಮ ಕಾಲದ ಒಂದು ಬಗೆಯ ಬಿರುದುಗಳಿಗೆ ಹಾಕಿ ನೋಡಬೇಕೆಂದಿದ್ದೇವೆ.

ನಾವು ಹೇಳುತ್ತಿರುವುದು ಕಂಪ್ಯೂಟರುಗಳನ್ನು ಜೋಡಿಸಿ ಮಾರುವ ವ್ಯಾಪಾರಿಗಳಿಗೆ ಬಿಡಿಭಾಗಗಳನ್ನೂ ತಂತ್ರಾಂಶವನ್ನೂ ತಯಾರಿಸುವ ದೊಡ್ಡ ಸಂಸ್ಥೆಗಳು ಕೊಡುವ ಮಾನ್ಯತೆಯ ವಿಷಯವನ್ನು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಾಗಲಿ, ದೆಹಲಿಯ ನೆಹರೂ ಪ್ಲೇಸಿನಲ್ಲಾಗಲಿ, ಚೆನ್ನೈಯ ರಿಚಿ ಸ್ಟ್ರೀಟಿನಲ್ಲಾಗಲಿ ಈ ವ್ಯಾಪಾರದ ಅಂಗಡಿಗಳು ಸಾಲುಗಟ್ಟಿ ನಿಂತಿವೆ. 'ಅಧಿಕೃತ ಡೀಲರು', 'ಗೋಲ್ಡ್ ಪಾರ್ಟ್ನರ್' ಎಂಬ ಬಗೆಯ ಫಲಕಗಳು ಇಂಥ ಅಂಗಡಿಗಳಲ್ಲಿ ಹೊಸವಲ್ಲ. ಕೊಳ್ಳಲು ಬಂದವನು ಆ ಫಲಕವನ್ನು ಪರಿಣತಿಯ ಪ್ರಮಾಣಪತ್ರವೆಂದು ಓದುತ್ತಾನೆ. ಅದನ್ನು ಕೊಟ್ಟ ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಈ ಎರಡು ಅರ್ಥಗಳು ಹೇಗೆ ಒಂದೇ ಫಲಕದೊಳಗೆ ಸೇರಿಕೊಂಡವು, ಅವುಗಳಲ್ಲಿ ಯಾವುದು ಯಾವುದನ್ನು ನುಂಗಿತು ಎಂಬುದೇ ನಮ್ಮ ವಿಚಾರದ ವಸ್ತು.

೨

ಮೊದಲು ಶಬ್ದವನ್ನು ಪರಿಶೀಲಿಸೋಣ. ಈ ಯೋಜನೆಗಳಲ್ಲಿ ವ್ಯಾಪಾರಿಗೆ ಸಲ್ಲುವ ಹೆಸರು 'ಪಾರ್ಟ್ನರ್', ಎಂದರೆ ಪಾಲುದಾರ. ನಮ್ಮ ನಾಡಿನಲ್ಲಿ ಪಾಲು ಎಂದ ಕೂಡಲೆ ಫಲದಲ್ಲಿಯೂ ನಷ್ಟದಲ್ಲಿಯೂ ಸಮನಾಗಿಯೋ ಒಪ್ಪಿದ ಪ್ರಮಾಣದಲ್ಲಿಯೋ ಭಾಗಿಯಾಗುವುದೆಂದು ಅರ್ಥ. ಭಾರತದ ೧೯೩೨ರ ಪಾಲುದಾರಿಕೆಯ ಕಾಯಿದೆಯೂ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ನಡುವಣ ಸಂಬಂಧವನ್ನೇ ಪಾಲುದಾರಿಕೆಯೆಂದು ಕರೆಯುತ್ತದೆ. ಆದರೆ ಕಂಪ್ಯೂಟರು ವ್ಯಾಪಾರದ ಈ ಒಪ್ಪಂದಗಳಲ್ಲಿ, ಉಭಯ ಪಕ್ಷದವರೂ ಸ್ವತಂತ್ರ ವ್ಯವಹಾರಸ್ಥರು, ಇವರ ನಡುವೆ ಕಾನೂನಿನ ಅರ್ಥದ ಪಾಲುದಾರಿಕೆ ಏರ್ಪಡುವುದಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಫಲಕದಲ್ಲಿ ಪಾಲುದಾರನೆನಿಸಿಕೊಂಡವನು ಒಪ್ಪಂದದಲ್ಲಿ ಪಾಲುದಾರನಲ್ಲ. ಮಾರಾಟವಾಗದೆ ಉಳಿದ ಸರಕಿನ ನಷ್ಟ ಬಹುಮಟ್ಟಿಗೆ ಅವನದೇ. ದರ ಕುಸಿದರೆ ಭಾರವೂ ಅವನದೇ. ಶಬ್ದವು ಗೌರವವನ್ನು ಮಾತ್ರ ಹಂಚುತ್ತದೆ.

ಎರಡನೆಯ ಶಬ್ದ 'ಪರಿಣತ'. ಪರಿಣತಿಯೆಂಬುದು ಕೆಲಸದಿಂದ ಕಾಣತಕ್ಕದ್ದು. ಹನ್ನೆರಡನೆಯ ಶತಮಾನದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಾವು ಕಡೆದ ವಿಗ್ರಹಗಳ ಅಡಿಯಲ್ಲಿಯೇ ತಮ್ಮ ಹೆಸರುಗಳನ್ನು ಬಿರುದುಗಳೊಡನೆ ಕೆತ್ತಿದ್ದಾರೆ. ಆ ಬಿರುದುಗಳಲ್ಲಿ ಆತ್ಮಪ್ರಶಂಸೆ ಇಲ್ಲದೆ ಇಲ್ಲ. ಆದರೂ ಬಿರುದೂ ಕೃತಿಯೂ ಒಂದೇ ಕಲ್ಲಿನಲ್ಲಿರುವುದರಿಂದ ನೋಡುವವನು ಒಂದನ್ನು ಇನ್ನೊಂದರಿಂದ ಆಗಲೇ ಅಳೆದುಕೊಳ್ಳಬಹುದು. ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಈ ಅನುಕೂಲವಿಲ್ಲ. ವಿದ್ಯುತ್ ಪೂರೈಸುವ ಘಟಕವು ಸಾಲದಾಗಿದ್ದರೂ, ಪ್ರಾಸೆಸರಿನ ಮೇಲಿನ ತಂಪುಕಾರಕ ಸರಿಯಾಗಿ ಕೂರದಿದ್ದರೂ ಮೊದಲ ದಿನ ಯಂತ್ರ ಚೆನ್ನಾಗಿಯೇ ನಡೆಯುತ್ತದೆ. ದೋಷ ಕಾಣುವುದು ತಿಂಗಳುಗಳ ಮೇಲೆ. ಆದಕಾರಣವೇ ಕೊಳ್ಳುವವನು ಕೃತಿಯನ್ನು ಬಿಟ್ಟು ಬಿರುದನ್ನು ನೋಡಬೇಕಾಗಿ ಬಂದಿದೆ. ಈ ವ್ಯಾಪಾರದಲ್ಲಿ ಮಾನ್ಯತೆಗೆ ಇಷ್ಟು ಬೆಲೆ ಬಂದಿರುವುದರ ಮೂಲ ಇಲ್ಲಿದೆ.

೩

ಇನ್ನು ಇತಿಹಾಸ. ೧೯೮೧ರ ಆಗಸ್ಟ್ ೧೨ರಂದು ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದಾಗ ಅದನ್ನು ಮಾರುವ ಕ್ರಮದಲ್ಲಿಯೂ ಒಂದು ಹೊಸತನವನ್ನು ತಂದಿತು. ಅಲ್ಲಿಯವರೆಗೆ ತನ್ನ ಯಂತ್ರಗಳನ್ನು ಮುಖ್ಯವಾಗಿ ತನ್ನವರೇ ಆದ ಮಾರಾಟಗಾರರ ಮೂಲಕ ಮಾರುತ್ತಿದ್ದ ಸಂಸ್ಥೆ, ಈಗ ಕಂಪ್ಯೂಟರ್‌ಲ್ಯಾಂಡ್ ಮತ್ತು ಸಿಯರ್ಸ್ ಸಂಸ್ಥೆಗಳ ಅಂಗಡಿಗಳನ್ನೂ ಆಶ್ರಯಿಸಿತು. ತನ್ನ ಸಂಬಳ ತಿನ್ನದವನು ತನ್ನ ಹೆಸರಿನ ಸರಕನ್ನು ಮಾರುವುದಾದರೆ ಅವನನ್ನು ಆರಿಸುವ ಒಂದು ನಿಯಮ ಬೇಕಾಯಿತು. 'ಅಧಿಕೃತ ಡೀಲರು' ಎಂಬ ಪದವಿಯು ಈ ವ್ಯಾಪಾರದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಇದರಿಂದ.

ಆ ಆಯ್ಕೆಯ ನಿಯಮಗಳನ್ನು ಕುರಿತು ನಮಗೆ ಒಂದು ಒಳ್ಳೆಯ ದಾಖಲೆ ದೊರೆತಿದೆ. ಐಬಿಎಂ ಸಂಸ್ಥೆಯ ಯೂರೋಪಿನ ಮಾರಾಟದ ವ್ಯವಸ್ಥೆಯನ್ನು ಪರಿಶೀಲಿಸಿದ ಯೂರೋಪಿಯನ್ ಆಯೋಗವು ೧೯೮೪ರ ಏಪ್ರಿಲ್ ೧೮ರಂದು ತನ್ನ ನಿರ್ಣಯವನ್ನು ಕೊಟ್ಟಿತು. ಅದಕ್ಕೆ ಆಧಾರವಾದದ್ದು ೧೯೭೭ರ ಮೆಟ್ರೋ ಮೊಕದ್ದಮೆಯಲ್ಲಿ ಯೂರೋಪಿನ ನ್ಯಾಯಾಲಯವು ಹಾಕಿಕೊಟ್ಟ ಸೂತ್ರ: ತಯಾರಕನು ವ್ಯಾಪಾರಿಗಳನ್ನು ಆರಿಸಬಹುದು, ಆದರೆ ಆ ಆಯ್ಕೆ ವ್ಯಾಪಾರಿಯ ಮತ್ತು ಅವನ ಸಿಬ್ಬಂದಿಯ ತಾಂತ್ರಿಕ ಅರ್ಹತೆ, ಅವನ ಅಂಗಡಿಯ ಯೋಗ್ಯತೆ ಇಂಥ ಗುಣಾತ್ಮಕವಾದ ವಸ್ತುನಿಷ್ಠ ಅಂಶಗಳನ್ನು ಆಧರಿಸಿರಬೇಕು, ಎಲ್ಲರಿಗೂ ಒಂದೇ ಸಮನಾಗಿ, ಪಕ್ಷಪಾತವಿಲ್ಲದೆ ಅನ್ವಯವಾಗಬೇಕು. ಐಬಿಎಂ ವ್ಯವಸ್ಥೆಯು ಈ ಸೂತ್ರಕ್ಕೆ ಹೊಂದುತ್ತದೆಂದು ಆಯೋಗವು ಅದಕ್ಕೆ ಅಡ್ಡಿ ಮಾಡಲಿಲ್ಲ.

ಈ ನಿರ್ಣಯವನ್ನು ನಾವು ಅಳತೆಗೋಲಾಗಿ ಇಟ್ಟುಕೊಳ್ಳಲು ಬಯಸುತ್ತೇವೆ. ಏಕೆಂದರೆ ಮಾನ್ಯತೆಯ ಎರಡು ಬಗೆಗಳನ್ನು ಅದು ತಿಳಿಯಾಗಿ ಬೇರ್ಪಡಿಸಿದೆ. ಗುಣವನ್ನು ನೋಡಿ ಕೊಟ್ಟ ಮಾನ್ಯತೆ ಒಂದು. ಮೊತ್ತವನ್ನು ನೋಡಿ ಕೊಟ್ಟ ಮಾನ್ಯತೆ ಇನ್ನೊಂದು. ಮೊದಲನೆಯದರಲ್ಲಿ ಅರ್ಹರಾದವರೆಲ್ಲರಿಗೂ ಪ್ರವೇಶವುಂಟು. ಎರಡನೆಯದರಲ್ಲಿ ಹೆಚ್ಚು ಕೊಂಡವನೇ ಹೆಚ್ಚು ಅರ್ಹ. ಅಧಿಕೃತ ಡೀಲರುಗಳ ಆ ಮೊದಲ ವರ್ಷಗಳಲ್ಲಿಯೇ ಎರಡನೆಯ ಬಗೆಯು ಮೊದಲನೆಯದನ್ನು ಕೆಡಿಸುವ ರೀತಿ ಕಾಣಿಸಿಕೊಂಡಿತ್ತು. ಹೆಚ್ಚು ಯಂತ್ರ ಕೊಂಡವರಿಗೆ ಹೆಚ್ಚು ರಿಯಾಯಿತಿ ಎಂದಾದಾಗ, ಅಮೆರಿಕದಲ್ಲಿ ಅಧಿಕೃತ ಡೀಲರುಗಳೇ ರಿಯಾಯಿತಿಗಾಗಿ ಮಿತಿಮೀರಿ ಕೊಂಡು, ಉಳಿದದ್ದನ್ನು ಅಧಿಕಾರವಿಲ್ಲದ ಅಂಗಡಿಗಳಿಗೆ ದಾಟಿಸಿದರು. ಮಾನ್ಯತೆಯ ಬೇಲಿಯನ್ನು ಕಟ್ಟಿದ ಸಂಸ್ಥೆಯ ದರಪಟ್ಟಿಯೇ ಬೇಲಿಗೆ ಕಂಡಿಯನ್ನೂ ಕೊರೆಯಿತು.

೪

ಐಬಿಎಂ ಯಂತ್ರದ ಮಾದರಿಯನ್ನು ಅನುಸರಿಸಿ ಯಾರು ಬೇಕಾದರೂ ಬಿಡಿಭಾಗಗಳನ್ನು ತಂದು ಕಂಪ್ಯೂಟರು ಕಟ್ಟಬಹುದೆಂದಾದ ಮೇಲೆ ವ್ಯಾಪಾರದ ರೂಪವೇ ಬದಲಾಯಿತು. ಸಿದ್ಧ ಯಂತ್ರವನ್ನು ಮಾರುವ ಡೀಲರಿನ ಪಕ್ಕದಲ್ಲಿ ಯಂತ್ರವನ್ನು ಜೋಡಿಸುವ 'ಅಸೆಂಬ್ಲರು' ಬಂದು ಕುಳಿತ. ಅವನ ಯಂತ್ರಕ್ಕೆ ದೊಡ್ಡ ಹೆಸರಿಲ್ಲ. ಒಳಗಿನ ಭಾಗಗಳಿಗೆ ಮಾತ್ರ ಹೆಸರುಂಟು. ಆದ್ದರಿಂದ ಮಾನ್ಯತೆಯನ್ನು ಕೊಡುವ ಅಧಿಕಾರವು ಯಂತ್ರವನ್ನು ತಯಾರಿಸಿದವನ ಕೈಬಿಟ್ಟು ಭಾಗವನ್ನು ತಯಾರಿಸಿದವನ ಕೈಗೆ ಹೋಯಿತು.

ಈ ಪಲ್ಲಟದ ಮುಖ್ಯ ಘಟನೆ ೧೯೯೧ರಲ್ಲಿ ನಡೆಯಿತು. '೩೮೬' ಎಂಬ ಅಂಕಿಯನ್ನು ಇಂಟೆಲ್ ಸಂಸ್ಥೆಯು ತನ್ನ ವ್ಯಾಪಾರಮುದ್ರೆಯಾಗಿ ಕಾದಿಟ್ಟುಕೊಳ್ಳುವಂತಿಲ್ಲವೆಂದು ಅಮೆರಿಕದ ನ್ಯಾಯಾಲಯವೊಂದು ಆ ವರ್ಷ ತೀರ್ಪು ಕೊಟ್ಟಿತು. ಪ್ರತಿಸ್ಪರ್ಧಿಗಳೂ ಅದೇ ಅಂಕಿಯನ್ನು ಬಳಸಬಹುದಾದಾಗ ಸಂಸ್ಥೆಗೆ ಬೇರೊಂದು ಗುರುತು ಅವಶ್ಯವಾಯಿತು. ಅದೇ ವರ್ಷ ಆರಂಭವಾದ 'ಇಂಟೆಲ್ ಇನ್‌ಸೈಡ್' ಯೋಜನೆಯಂತೆ, ಕಂಪ್ಯೂಟರು ತಯಾರಕರು ಪ್ರಾಸೆಸರುಗಳಿಗೆ ಕೊಟ್ಟ ಹಣದ ಒಂದು ಭಾಗವು ನಿಧಿಯಾಗಿ ಶೇಖರವಾಗುತ್ತಿತ್ತು. ಅವರು ತಮ್ಮ ಜಾಹೀರಾತುಗಳಲ್ಲಿ ಆ ಮುದ್ರೆಯನ್ನು ತೋರಿಸಿದರೆ ಜಾಹೀರಾತಿನ ವೆಚ್ಚದ ಅಂಶವಾಗಿ ಅದು ಹಿಂದಕ್ಕೆ ಬರುತ್ತಿತ್ತು. ಗೌರವದ ಚಿಹ್ನೆಯೂ ಹಣದ ಲೆಕ್ಕವೂ ಇಲ್ಲಿ ಒಂದೇ ಗಂಟಿನಲ್ಲಿ ಬಿಗಿಯಲ್ಪಟ್ಟವು. ಮುಂದಿನ ಎಲ್ಲ ಯೋಜನೆಗಳ ಬೀಜ ಇದರಲ್ಲಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಆದರೂ ಸಣ್ಣ ಜೋಡಣೆಗಾರನಿಗೆ ಮಾನ್ಯತೆಯಿಂದ ನಿಜವಾದ ಉಪಕಾರವಾದ ಕಾಲವೊಂದುಂಟೆಂಬುದನ್ನು ನಾವು ಮರೆಯಬಾರದು. ೧೯೯೦ರ ದಶಕದಲ್ಲಿ ಕಡಿಮೆ ವೇಗದ ಪ್ರಾಸೆಸರಿನ ಮೇಲಿನ ಬರಹವನ್ನು ಅಳಿಸಿ ಹೆಚ್ಚಿನ ವೇಗದ ಅಂಕಿಯನ್ನು ಅಚ್ಚೊತ್ತಿ ಮಾರುವ ಮೋಸವು ಹಲವು ದೇಶಗಳ ಮಾರುಕಟ್ಟೆಗಳಲ್ಲಿ ಹಬ್ಬಿತ್ತು. ಮೊಹರು ಹಾಕಿದ ಪೆಟ್ಟಿಗೆಯಲ್ಲಿ ಮೂರು ವರ್ಷಗಳ ವಾರಂಟಿಯೊಡನೆ ಬರುವ ಪ್ರಾಸೆಸರು, ಅದನ್ನು ಅಧಿಕೃತ ಡಿಸ್ಟ್ರಿಬ್ಯೂಟರಿನಿಂದ ಕೊಂಡು ಮಾರುವ 'ಜೆನ್ಯುಯಿನ್ ಇಂಟೆಲ್ ಡೀಲರ್', ಇವೆರಡೂ ಈ ಮೋಸಕ್ಕೆ ತಕ್ಕ ಉತ್ತರಗಳಾಗಿದ್ದವು. ನಮ್ಮ ದೇಶದ ಪಟ್ಟಣಗಳಲ್ಲಿಯೂ ಈ ಫಲಕ ಪರಿಚಿತವಾಗಿತ್ತು. ಇಲ್ಲಿಯ ವಿಶೇಷಣವನ್ನು ಗಮನಿಸಬೇಕು. 'ಜೆನ್ಯುಯಿನ್' ಎಂದರೆ ಅಸಲಿ. ಸರಕು ಅಸಲಿ ಎಂಬ ಒಂದು ಸರಳವಾದ, ಪರೀಕ್ಷಿಸಿ ನೋಡಬಹುದಾದ ಮಾತನ್ನು ಆ ಫಲಕ ಹೇಳುತ್ತಿತ್ತು. ಅದು ಹೇಳಿದ್ದು ಕಡಿಮೆ. ಹೇಳಿದ್ದರಲ್ಲಿ ಸತ್ಯಾಂಶ ಹೆಚ್ಚು.

೫

ಅನಂತರದ ಬೆಳವಣಿಗೆಯಲ್ಲಿ ವಿಶೇಷಣಗಳು ಬದಲಾದವು. 'ಇಂಟೆಲ್ ಟೆಕ್ನಾಲಜಿ ಪ್ರೊವೈಡರ್' ಎಂಬ ಯೋಜನೆಯಲ್ಲಿ ವ್ಯಾಪಾರಿಗಳನ್ನು ನೋಂದಾಯಿತ, ಗೋಲ್ಡ್, ಪ್ಲಾಟಿನಂ ಎಂದು ಮೂರು ಅಂತಸ್ತುಗಳಲ್ಲಿ ವಿಭಾಗಿಸಲಾಗಿತ್ತು. ೨೦೨೧ರ ಜನವರಿಯಲ್ಲಿ ಈ ಯೋಜನೆಯನ್ನೂ ಇತರ ಕೆಲವನ್ನೂ ಸೇರಿಸಿ 'ಇಂಟೆಲ್ ಪಾರ್ಟ್ನರ್ ಅಲಯನ್ಸ್' ಎಂಬ ಒಂದೇ ಯೋಜನೆಯನ್ನು ಆರಂಭಿಸಿದಾಗ ಅಂತಸ್ತುಗಳು ಮೆಂಬರ್, ಗೋಲ್ಡ್, ಟೈಟೇನಿಯಂ ಎಂದಾದವು. ಅಸಲಿ ಎಂಬ ಗುಣವಾಚಕದ ಜಾಗದಲ್ಲಿ ಲೋಹಗಳ ಹೆಸರುಗಳು ಬಂದು ಕುಳಿತದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅಸಲಿಗೆ ವಿರುದ್ಧ ಪದ ನಕಲಿ. ಆದ್ದರಿಂದ ಆ ಫಲಕವನ್ನು ಸುಳ್ಳೆಂದು ಸಾಧಿಸುವುದು ಶಕ್ಯವಿತ್ತು. ಚಿನ್ನಕ್ಕೆ ವಿರುದ್ಧ ಪದ ಯಾವುದು? ಲೋಹದ ಹೆಸರು ಒಂದು ಸ್ಥಾನವನ್ನು ಹೇಳುತ್ತದೆಯೇ ಹೊರತು ಒಂದು ಸಂಗತಿಯನ್ನು ಹೇಳುವುದಿಲ್ಲ.

ಈ ಏಣಿಯನ್ನು ಹತ್ತುವ ಕ್ರಮದಲ್ಲಿ ಎರಡು ಸಾಧನಗಳಿವೆ. ಒಂದು ತರಬೇತಿ, ಇನ್ನೊಂದು ಖರೀದಿ. ತರಬೇತಿಯಲ್ಲಿಯೂ ಹೆಚ್ಚಿನ ಭಾಗ ಆಯಾ ಸಂಸ್ಥೆಯ ಸರಕನ್ನು ಕುರಿತದ್ದೇ ಆಗಿರುವುದು ಸಹಜ. ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೨ರ ಅಕ್ಟೋಬರಿನಲ್ಲಿ ಜಾರಿಗೆ ತಂದ ಪದ್ಧತಿಯು ಈ ಬೆರಕೆಯನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಅಲ್ಲಿ ಪಾಲುದಾರ ಸಂಸ್ಥೆಗೆ ನೂರು ಅಂಕಗಳ ಪರೀಕ್ಷೆ. ಕನಿಷ್ಠ ಎಪ್ಪತ್ತು ಅಂಕ ಬಂದರೆ ಬಿರುದು. ಅಂಕಗಳು ಮೂರು ಶೀರ್ಷಿಕೆಗಳಲ್ಲಿ ಹಂಚಿಕೆಯಾಗುತ್ತವೆ: ಹೊಸ ಗಿರಾಕಿಗಳನ್ನು ತಂದದ್ದು, ಸಿಬ್ಬಂದಿಯ ಕಲಿಕೆ, ಗಿರಾಕಿಗಳು ಆ ಸಂಸ್ಥೆಯ ಸೇವೆಗಳನ್ನು ಬಳಸಿದ ಪ್ರಮಾಣ. ಮೂರರಲ್ಲಿ ಕಲಿಕೆಯೊಂದೇ ಪರಿಣತಿಗೆ ನೇರವಾಗಿ ಸಂಬಂಧಿಸಿದ್ದು. ಉಳಿದೆರಡು ಬಿರುದು ಕೊಡುವವನ ವ್ಯಾಪಾರದ ವೃದ್ಧಿಯನ್ನು ಅಳೆಯುತ್ತವೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ತನ್ನ ಹಣವನ್ನು ವೆಚ್ಚಮಾಡುವ ಸಂಸ್ಥೆ ತನ್ನ ಲಾಭವನ್ನು ನೋಡಿಕೊಳ್ಳುವುದು ನ್ಯಾಯವೇ ಸರಿ. ನಮ್ಮ ಆಕ್ಷೇಪಣೆ ಇರುವುದು ಮೂರನ್ನೂ ಕೂಡಿ ಬಂದ ಮೊತ್ತವನ್ನು ಗಿರಾಕಿಯ ಮುಂದೆ ಸಾಮರ್ಥ್ಯವೆಂದು ಹೆಸರಿಡುವ ಕ್ರಮಕ್ಕೆ. ಕೂಡಿಸಿದ ಮೇಲೆ ಅದರಲ್ಲಿ ಕಲಿಕೆ ಎಷ್ಟು, ಮಾರಾಟ ಎಷ್ಟು ಎಂಬುದು ಫಲಕವನ್ನು ನೋಡಿದವನಿಗೆ ತಿಳಿಯುವ ಬಗೆಯಿಲ್ಲ.

೬

ಬಹುಮಾನವು ಬಂಧನವೂ ಆಗಬಹುದೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ. ಇವು ದೊಡ್ಡ ತಯಾರಕರ ಪ್ರಕರಣಗಳು, ಸಣ್ಣ ಅಂಗಡಿಗಳವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಆದರೆ ತತ್ತ್ವ ಒಂದೇ. ಜಪಾನಿನ ನ್ಯಾಯಯುತ ವ್ಯಾಪಾರ ಆಯೋಗವು ೨೦೦೫ರ ಮಾರ್ಚಿಯಲ್ಲಿ ಇಂಟೆಲ್ ಸಂಸ್ಥೆಯ ಜಪಾನೀ ಶಾಖೆಗೆ ಒಂದು ಶಿಫಾರಸನ್ನು ಕೊಟ್ಟಿತು. ಐದು ಕಂಪ್ಯೂಟರು ತಯಾರಕರಿಗೆ ರಿಯಾಯಿತಿಯನ್ನೂ ಮಾರುಕಟ್ಟೆ ಅಭಿವೃದ್ಧಿಯ ನಿಧಿಯನ್ನೂ ಕೊಡುವಾಗ, ಅವರ ಪ್ರಾಸೆಸರುಗಳಲ್ಲಿ ಶೇಕಡಾ ೧೦೦ ಅಥವಾ ೯೦ ಭಾಗ ಇಂಟೆಲಿನವೇ ಆಗಿರಬೇಕೆಂಬಂಥ ಷರತ್ತುಗಳನ್ನು ಹಾಕಲಾಗಿತ್ತೆಂಬುದು ಆಯೋಗದ ನಿಲುವು. ಸಂಸ್ಥೆಯು ಆಪಾದನೆಯನ್ನು ಒಪ್ಪದೆ ಶಿಫಾರಸನ್ನು ಮಾತ್ರ ಒಪ್ಪಿಕೊಂಡಿತು. ೨೦೦೯ರ ಮೇ ೧೩ರಂದು ಯೂರೋಪಿಯನ್ ಆಯೋಗವು ಇದೇ ಬಗೆಯ ರಿಯಾಯಿತಿ ಮತ್ತು ಪಾವತಿಗಳಿಗಾಗಿ ೧೦೬ ಕೋಟಿ ಯೂರೋಗಳ ದಂಡವನ್ನು ವಿಧಿಸಿತು. ರಿಯಾಯಿತಿಗೆ ಸಂಬಂಧಿಸಿದ ಭಾಗವನ್ನು ಅಲ್ಲಿಯ ಸಾಮಾನ್ಯ ನ್ಯಾಯಾಲಯ ೨೦೨೨ರಲ್ಲಿ ರದ್ದುಪಡಿಸಿತು. ೨೦೨೪ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಪ್ರತಿಸ್ಪರ್ಧಿಯ ಸರಕನ್ನು ತಡೆಯಲೆಂದೋ ತಡಮಾಡಲೆಂದೋ ಕೊಟ್ಟ ಪಾವತಿಗಳ ಭಾಗವು ಮಾತ್ರ ಉಳಿದು, ಅದಕ್ಕಾಗಿ ೨೦೨೩ರಲ್ಲಿ ಆಯೋಗವು ಹೊಸದಾಗಿ ದಂಡ ವಿಧಿಸಿತು. ರಿಯಾಯಿತಿ ತನ್ನಷ್ಟಕ್ಕೆ ಅಪರಾಧವಲ್ಲ, ಅದರ ಪರಿಣಾಮವನ್ನು ಸಾಧಿಸಿ ತೋರಿಸಬೇಕು ಎಂಬುದು ಈ ದೀರ್ಘವಾದ ವ್ಯಾಜ್ಯದ ಪಾಠ. ಅದನ್ನು ನಾವೂ ಒಪ್ಪುತ್ತೇವೆ. ಆದರೆ ಬಹುಮಾನದ ನಿಧಿಗೂ ನಿಷ್ಠೆಯ ಷರತ್ತಿಗೂ ನಡುವಣ ಗೆರೆ ಎಷ್ಟು ತೆಳುವೆಂಬುದನ್ನು ಅದೇ ವ್ಯಾಜ್ಯ ತೋರಿಸಿಕೊಟ್ಟಿದೆ.

ನಮ್ಮ ದೇಶದ ನಿದರ್ಶನ ಸಣ್ಣ ವ್ಯಾಪಾರಿಗೆ ಇನ್ನೂ ಹತ್ತಿರದ್ದು. ಭಾರತದಲ್ಲಿ ಅಧಿಕೃತ ಡಿಸ್ಟ್ರಿಬ್ಯೂಟರುಗಳ ಮೂಲಕ ಕೊಂಡ ಪೆಟ್ಟಿಗೆಯ ಪ್ರಾಸೆಸರುಗಳಿಗೆ ಮಾತ್ರ ಇಲ್ಲಿ ವಾರಂಟಿಯ ಸೇವೆಯುಂಟೆಂದು ೨೦೧೬ರಲ್ಲಿ ಇಂಟೆಲ್ ನಿಯಮವನ್ನು ಬದಲಾಯಿಸಿತು. ಹೊರದೇಶದಿಂದ ಅಸಲಿ ಸರಕನ್ನೇ ತರಿಸಿ ಮಾರುತ್ತಿದ್ದ ವ್ಯಾಪಾರಿಯ ಗಿರಾಕಿಗೆ ಇಲ್ಲಿ ರಕ್ಷಣೆ ತಪ್ಪಿತು. ಒಂದು ವ್ಯಾಪಾರ ಸಂಸ್ಥೆಯ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು ೨೦೧೯ರ ಆಗಸ್ಟಿನಲ್ಲಿ ಇದರ ತನಿಖೆಗೆ ಆದೇಶವಿತ್ತಿತು. 'ಜೆನ್ಯುಯಿನ್' ಎಂಬ ಹಳೆಯ ಫಲಕದ ಪಕ್ಕದಲ್ಲಿ ಈ ನಿಯಮವನ್ನಿಟ್ಟು ನೋಡಿದರೆ ಅರ್ಥ ಎಷ್ಟು ದೂರ ಸರಿದಿದೆಯೆಂಬುದು ಸ್ಪಷ್ಟವಾಗುತ್ತದೆ. ಹಿಂದೆ ಸರಕು ಅಸಲಿಯೋ ನಕಲಿಯೋ ಎಂಬುದು ಪ್ರಶ್ನೆ. ಈ ನಿಯಮ ಬಂದ ಮೇಲೆ ಅಸಲಿ ಸರಕು ಯಾವ ದಾರಿಯಲ್ಲಿ ಬಂತು ಎಂಬುದು ಪ್ರಶ್ನೆಯಾಯಿತು.

೭

ಈ ಯೋಜನೆಗಳ ಪರವಾಗಿ ಹೇಳಬಹುದಾದ ಮಾತುಗಳನ್ನೂ ನಾವು ಪರಾಮರ್ಶಿಸಬೇಕು. ಒಂದನೆಯದಾಗಿ, ಹೊಸ ಭಾಗಗಳ ತಾಂತ್ರಿಕ ವಿವರ ಮೊದಲು ತಲಪುವುದು ಮಾನ್ಯತೆ ಪಡೆದವರಿಗೆ. ದೋಷವಿದ್ದ ಭಾಗವನ್ನು ಅವರು ಬೇಗ ಬದಲಾಯಿಸಿಕೊಡಬಲ್ಲರು. ಇದು ನಿಜ; ಗಿರಾಕಿಗೆ ಇದರಿಂದ ಅನುಕೂಲವಿದೆ. ಎರಡನೆಯದಾಗಿ, ಹೆಚ್ಚು ಮಾರುವವನು ಹೆಚ್ಚು ಯಂತ್ರಗಳನ್ನು ಕಟ್ಟಿರುತ್ತಾನಾದ್ದರಿಂದ ಮಾರಾಟದ ಮೊತ್ತವೇ ಅನುಭವದ ಅಳತೆಯೆಂದು ವಾದಿಸಬಹುದು. ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಒಂದೇ ಮಾದರಿಯ ಇನ್ನೂರು ಯಂತ್ರಗಳನ್ನು ಒಂದು ಕಚೇರಿಗೆ ಜೋಡಿಸಿಕೊಟ್ಟವನಿಗೂ, ಆಸ್ಪತ್ರೆಯ ಚಿತ್ರಣ ವಿಭಾಗಕ್ಕೋ ಧ್ವನಿಮುದ್ರಣದ ಕೋಣೆಗೋ ಹೊಂದುವ ಮೂರು ಯಂತ್ರಗಳನ್ನು ಲೆಕ್ಕಹಾಕಿ ಕಟ್ಟಿದವನಿಗೂ ಪರಿಣತಿಯ ತಾರತಮ್ಯ ಮೊತ್ತದಿಂದ ತಿಳಿಯುವುದಿಲ್ಲ. ತಿಳಿದರೂ ತಿರುಗುಮುರುಗಾಗಿ ತಿಳಿದೀತು. ಮೂರನೆಯದಾಗಿ, ಮಾನ್ಯತೆಯಿಲ್ಲದಿದ್ದರೆ ಗಿರಾಕಿಗೆ ಬೇರೆ ಯಾವ ಗುರುತೂ ಉಳಿಯುವುದಿಲ್ಲ ಎನ್ನಬಹುದು. ಇದು ಇತಿಹಾಸಕ್ಕೆ ಹೊಂದುವ ಮಾತಲ್ಲ.

ಬೇರೆ ಗುರುತುಗಳು ಇದ್ದೇ ಇವೆ. ಅಮೆರಿಕದ ಕಂಪ್ಯೂಟರು ವ್ಯಾಪಾರಿಗಳು ೧೯೮೨ರಲ್ಲಿ ತಾವೇ ಕಟ್ಟಿಕೊಂಡ ಸಂಘವು ಮುಂದೆ 'ಕಾಂಪ್‌ಟಿಯಾ' ಎಂಬ ಹೆಸರನ್ನು ಪಡೆದು, ೧೯೯೩ರಲ್ಲಿ 'ಎ ಪ್ಲಸ್' ಎಂಬ ಪರೀಕ್ಷೆಯನ್ನು ಆರಂಭಿಸಿತು. ಅದು ಯಾವೊಂದು ತಯಾರಕನಿಗೂ ಕಟ್ಟುಬೀಳದೆ, ಯಂತ್ರವನ್ನು ಜೋಡಿಸುವ, ದೋಷವನ್ನು ಪತ್ತೆ ಮಾಡುವ ವ್ಯಕ್ತಿಯ ತಿಳಿವಳಿಕೆಯನ್ನು ಪರೀಕ್ಷಿಸಿತು. ಅಂಗಡಿಯ ಖರೀದಿಗೆ ಅದರಲ್ಲಿ ಅಂಕವಿಲ್ಲ. ೨೦೨೫ರಲ್ಲಿ ಆ ಪರೀಕ್ಷೆಗಳ ಒಡೆತನವು ಲಾಭದ ಉದ್ದೇಶದ ಹೂಡಿಕೆದಾರರಿಗೆ ಸಂದಿತಾದ್ದರಿಂದ ಅದರ ಮುಂದಿನ ನಡೆಯನ್ನು ಎಚ್ಚರದಿಂದ ನೋಡಬೇಕಾಗಿದೆ. ಆದರೆ ಪರಿಣತಿಯನ್ನು ಮಾರಾಟದಿಂದ ಬಿಡಿಸಿ ಅಳೆಯಬಹುದೆಂಬುದನ್ನು ಅದು ಮೂರು ದಶಕಗಳ ಕಾಲ ಆಚರಿಸಿ ತೋರಿಸಿತು. ಇನ್ನು ವಸ್ತುವಿನ ಕಡೆಯಿಂದ ನೋಡಿದರೆ, ಭಾರತ ಸರ್ಕಾರವು ೨೦೧೨ರ ಆಜ್ಞೆಯ ಮೂಲಕ ಕೆಲವು ಇಲೆಕ್ಟ್ರಾನಿಕ್ ಸರಕುಗಳಿಗೆ ಕಡ್ಡಾಯ ನೋಂದಣಿಯನ್ನು ವಿಧಿಸಿತು. ಅಲ್ಲಿ ಪರೀಕ್ಷೆಗೊಳಗಾಗುವುದು ಸರಕಿನ ಸುರಕ್ಷತೆ, ಮಾರುವವನ ಅಂತಸ್ತಲ್ಲ. ವ್ಯಕ್ತಿಯ ತಿಳಿವಳಿಕೆಗೆ ಒಂದು ಗುರುತು, ಸರಕಿನ ಸುರಕ್ಷತೆಗೆ ಒಂದು ಗುರುತು, ಸಂಸ್ಥೆಯೊಡನೆ ಇರುವ ವ್ಯವಹಾರಕ್ಕೆ ಒಂದು ಗುರುತು, ಹೀಗೆ ಮೂರೂ ಬೇರೆ ಬೇರೆಯಾಗಿ ನಿಂತರೆ ಯಾರಿಗೂ ತೊಂದರೆಯಿಲ್ಲ.

೮

ಇದು ಕೇವಲ ವ್ಯಾಪಾರಿಗಳ ಒಳಗಿನ ವಿಷಯ, ವಿದ್ವತ್ಪತ್ರಿಕೆಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಸರ್ಕಾರಿ ಕಚೇರಿಗಳು, ಶಾಲಾಕಾಲೇಜುಗಳು, ವಿಶ್ವವಿದ್ಯಾನಿಲಯಗಳು ಕಂಪ್ಯೂಟರುಗಳನ್ನು ಕೊಳ್ಳುವಾಗ ಹೊರಡಿಸುವ ಟೆಂಡರುಗಳಲ್ಲಿ, ತಯಾರಕರ ಅಧಿಕಾರಪತ್ರವನ್ನು ಲಗತ್ತಿಸಬೇಕೆಂಬ ಷರತ್ತು ಸಾಮಾನ್ಯವಾಗಿದೆ. ಅದರ ಉದ್ದೇಶ ಒಳ್ಳೆಯದೇ: ವಾರಂಟಿ ಸಲ್ಲಬೇಕು, ನಕಲಿ ಬರಬಾರದು. ಆದರೆ ಖಾಸಗಿ ಸಂಸ್ಥೆ ತನ್ನ ಲಾಭದ ಲೆಕ್ಕದಿಂದ ಕೊಟ್ಟ ಪದವಿಯು ಹೀಗೆ ಸಾರ್ವಜನಿಕ ಹಣದ ಬಾಗಿಲಲ್ಲಿ ಕಾವಲುಗಾರನಾಗಿ ನಿಲ್ಲುತ್ತದೆ. ಸಂಗ್ರಹಣೆಯಲ್ಲಿ ಪಾರದರ್ಶಕತೆ ಬೇಕೆಂದೇ ಕರ್ನಾಟಕವು ೧೯೯೯ರಲ್ಲಿ ಒಂದು ಅಧಿನಿಯಮವನ್ನು ಮಾಡಿಕೊಂಡಿದೆ. ದರವನ್ನು ಪಾರದರ್ಶಕಗೊಳಿಸಿ, ಸ್ಪರ್ಧಿಗಳು ಯಾರಾಗಬಹುದೆಂಬುದನ್ನು ಹೊರಗಿನ ಸಂಸ್ಥೆಯೊಂದರ ಒಳಲೆಕ್ಕಕ್ಕೆ ಬಿಟ್ಟರೆ ಆ ಉದ್ದೇಶ ಅರ್ಧಕ್ಕೇ ನಿಲ್ಲುವುದಿಲ್ಲವೆ? ತಾಲೂಕು ಪಟ್ಟಣವೊಂದರಲ್ಲಿ ಹತ್ತಾರು ವರ್ಷ ಯಂತ್ರಗಳನ್ನು ಕಟ್ಟಿ, ಕೆಟ್ಟದ್ದನ್ನು ರಿಪೇರಿ ಮಾಡಿ ಹೆಸರಾದ ಜೋಡಣೆಗಾರನು, ಮೊತ್ತ ಸಾಲದೆಂಬ ಒಂದೇ ಕಾರಣದಿಂದ ತನ್ನೂರಿನ ಶಾಲೆಗೆ ಯಂತ್ರ ಕೊಡಲಾಗದೆ ಉಳಿಯುವುದು ಇಂಥ ಷರತ್ತಿನ ಸಹಜವಾದ ಫಲ.

ಆದಕಾರಣ ನಮ್ಮ ಸೂಚನೆಗಳು ಇವು. ಮಾನ್ಯತೆಯನ್ನು ಕೊಡುವ ಸಂಸ್ಥೆಗಳು ತರಬೇತಿಯ ಅಂಶವನ್ನೂ ಖರೀದಿಯ ಅಂಶವನ್ನೂ ಬೇರೆ ಬೇರೆಯಾಗಿ ಫಲಕದಲ್ಲಿ ತೋರಿಸಲಿ; ಒಂದು ಸಾಲಿನ ಕೆಲಸವಿದು. ಟೆಂಡರು ಬರೆಯುವ ಅಧಿಕಾರಿಗಳು ಅಂತಸ್ತಿನ ಹೆಸರನ್ನು ಕೇಳುವುದರ ಬದಲು ಸಿಬ್ಬಂದಿಯ ಪರೀಕ್ಷಿತ ಅರ್ಹತೆಯನ್ನೂ, ಸರಕಿನ ಬಿಲ್ಲು ಮತ್ತು ವಾರಂಟಿಯನ್ನೂ, ಹಿಂದಿನ ಕೆಲಸದ ನಿದರ್ಶನವನ್ನೂ ಕೇಳಲಿ. ೧೯೭೭ರ ಮತ್ತು ೧೯೮೪ರ ನಿರ್ಣಯಗಳು ಗುಣಕ್ಕೂ ಮೊತ್ತಕ್ಕೂ ನಡುವೆ ಎಳೆದ ಗೆರೆಯು ಅವರಿಗೆ ದಾರಿ ತೋರಿಸುವಷ್ಟು ಸ್ಪಷ್ಟವಾಗಿದೆ.

ಬಿರುದುಗಳನ್ನು ನಾವು ತಿರಸ್ಕರಿಸುತ್ತಿಲ್ಲ. ಶಾಸನದ ಬಿರುದಾವಳಿಯನ್ನು ಸುಳ್ಳೆಂದು ತಳ್ಳಿಹಾಕುವ ಇತಿಹಾಸಕಾರನೂ, ಅದನ್ನು ಅಕ್ಷರಶಃ ನಂಬುವವನೂ ಸಮನಾಗಿ ದಾರಿ ತಪ್ಪುತ್ತಾರೆ. ಕೊಟ್ಟವನು ಯಾರೆಂದು ಕೇಳಿ ಓದಿದಾಗ ಬಿರುದು ತನ್ನ ನಿಜವಾದ ಸುದ್ದಿಯನ್ನು ಹೇಳುತ್ತದೆ. ಅಂಗಡಿಯ ಫಲಕವನ್ನೂ ಹಾಗೆಯೇ ಓದತಕ್ಕದ್ದು. ಈ ವ್ಯಾಪಾರಿಯು ಇಂಥ ಸಂಸ್ಥೆಯೊಡನೆ ಇಷ್ಟರಮಟ್ಟಿಗೆ ವ್ಯವಹರಿಸುತ್ತಾನೆ ಎಂಬುದು ಅದರ ಸುದ್ದಿ. ಅವನ ಕೈಕೆಲಸ ಎಂಥದೆಂಬ ಸುದ್ದಿಯನ್ನು ಅವನು ಕಟ್ಟಿದ ಯಂತ್ರಗಳಿಂದಲೂ ಅವನ್ನು ಬಳಸಿದವರ ಬಾಯಿಂದಲೂ ತಿಳಿಯಬೇಕಾಗಿದೆ.